ರಾತ್ರಿ ಕಾನಿನಲ್ಲಿ ಕೂಗಿದ್ದು ಯಾವುದು? ನಮ್ಮ ಉತ್ತರ ಕನ್ನಡ ಜಿಲ್ಲೆಯ ದೆವ್ವದ ಕತೆ, ಕಂಡ ಪ್ರಾಣಿ ಇಲ್ಲಿ ಬರೆಯಿರಿ

ಕಾನಂಚಿನ ಮನೆ (ಶಿರಸಿ ಕಡೆ)

ನಮ್ಮ ಮನೆಯ ಮುಂದೆ ಅಡಿಕೆ ತೋಟ, ಹಿಂದೆ ಬೆಟ್ಟ, ಅದರಾಚೆ ಕಾನು, ಅಂದರೆ ದಟ್ಟ ಕಾಡು. ಕಾನು ಶುರುವಾಗುವ ಕಡೆ ಒಂದು ಚೌಡಿ ಕಲ್ಲು ಇದೆ. ಚೌಡಿ ಅಂದರೆ ನಮ್ಮ ಕಡೆಯ ಗ್ರಾಮದೇವತೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು. ಅಡಿಕೆ ಸುಲಿಯುವ ಕಾಲ. ಊರಿನ ಹೆಂಗಸರು ರಾತ್ರಿ ನಮ್ಮ ಜಗಲಿಯಲ್ಲಿ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅಂಗಳದಲ್ಲಿ ಅಡಿಕೆ ಬೇಯುವ ಹಂಡೆ. ಚೊಗರಿನ ವಾಸನೆ ಬಟ್ಟೆಗೆಲ್ಲ ಹತ್ತಿರುತ್ತಿತ್ತು. ಕರೆಂಟು ಹೋದರೆ ಲಾಟೀನು. ಅಂಥ ರಾತ್ರಿಗಳಲ್ಲೇ ಅಲ್ವಾ ದೆವ್ವದ ಕತೆ ಹೊರಗೆ ಬರೋದು?

ಆ ರಾತ್ರಿ ಕಾನಿನ ಕಡೆಯಿಂದ ಒಂದು ಕಿರುಚು ಬಂತು. ಮೇಲಿನ ದನಿಯಲ್ಲಿ ಶುರುವಾಗಿ ಕೆಳಕ್ಕೆ ಜಾರುತ್ತಾ ಹೋಯಿತು. ಅದು ನಿಂತ ಮೇಲೆ ಯಾರೋ ಗೊಗ್ಗರು ದನಿಯಲ್ಲಿ ಬೇಗ ಬೇಗ ನಕ್ಕ ಹಾಗೆ. ಅಷ್ಟೂ ಮೆಟ್ಟುಗತ್ತಿ ಒಟ್ಟಿಗೆ ನಿಂತವು. ಅಜ್ಜಿ ಎದ್ದು ಒಳಗೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದರು. "ಚೌಡಿ ಸಂಚಾರಕ್ಕೆ ಹೊರಟಿದ್ದಾಳೆ, ಬೆಳಗಾಗುವವರೆಗೆ ಯಾರೂ ಅಂಗಳ ದಾಟಬೇಡಿ" ಅಂದರು. ಹೆಂಗಸರೆಲ್ಲ ಅಂದು ನಮ್ಮ ಜಗಲಿಯಲ್ಲೇ ಮಲಗಿದರು.

ಮೂವತ್ತು ವರ್ಷ ಕಳೆಯಿತು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಅದು ಏನು ಅಂತ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಊರಿನಲ್ಲೂ ಇಂಥದ್ದು ಇರುತ್ತದೆ. ದಯವಿಟ್ಟು ಬರೆಯಿರಿ. ಯಾವ ತಿಂಗಳು, ಎಷ್ಟು ಗಂಟೆ, ಮಳೆ ಇತ್ತಾ, ತಿಂಗಳ ಬೆಳಕು ಇತ್ತಾ, ದನಿ ಹೇಗಿತ್ತು, ಎಲ್ಲ ಸೇರಿಸಿ ಬರೆಯಿರಿ. ನಮ್ಮ ಹಿರಿಯರು ಹೇಳಿದ್ದನ್ನು ಹಾಗೇ ಬರೆಯಿರಿ, ನೀವು ಕಂಡದ್ದನ್ನು ಬೇರೆ ಮಾಡಿ ಬರೆಯಿರಿ. ಯಾರ ಕತೆಗೂ ಇಲ್ಲಿ ನಗುವುದು ಬೇಡ.


ಮೀನು ಲಾರಿ (ಕುಮಟಾ)

ನಾನು ಹದಿನಾಲ್ಕು ವರ್ಷ ತದಡಿ ಬಂದರಿನಿಂದ ಹುಬ್ಬಳ್ಳಿಗೆ ಮೀನಿನ ಲಾರಿ ಓಡಿಸಿದವನು. ದೇವಿಮನೆ ಘಟ್ಟದ ಒಂದೊಂದು ತಿರುವೂ ನನಗೆ ಗೊತ್ತು. ಘಟ್ಟದ ಮೇಲೆ ದೇವಿಯ ಗುಡಿಯ ಮುಂದೆ ಗಾಡಿ ನಿಧಾನ ಮಾಡಿ ಕೈಮುಗಿಯದೆ ನಾವು ಯಾರೂ ಮುಂದೆ ಹೋಗುವುದಿಲ್ಲ.

ಸೆಪ್ಟೆಂಬರ್ ಕೊನೆ. ರಾತ್ರಿ ಎರಡು ಗಂಟೆ ದಾಟಿತ್ತು. ಮಂಜು ಎಷ್ಟು ಅಂದರೆ ಲೈಟು ಹಾಕಿದರೆ ಎದುರಿಗೆ ಬಿಳಿ ಗೋಡೆ. ಮೊದಲನೇ ಗೇರಿನಲ್ಲಿ ಹತ್ತುತ್ತಿದ್ದೆ. ಒಂದು ತಿರುವಿನಲ್ಲಿ, ರಸ್ತೆ ಪಕ್ಕದ ಕಲ್ಲಿನ ಮೇಲೆ, ಬಿಳಿಯದು ಏನೋ ನಿಂತಿತ್ತು. ಮುಖ ಇತ್ತು. ಕಣ್ಣು ಕಪ್ಪು. ಗಾಡಿ ಹತ್ತಿರ ಬಂದಾಗ ಅದು ಕೈ ಅಗಲ ಮಾಡಿದ ಹಾಗೆ ಮಾಡಿ ನನ್ನ ಗ್ಲಾಸಿನ ಮೇಲಿಂದ ಹೋಯಿತು. ಒಂಚೂರೂ ಸದ್ದಿಲ್ಲ. ಕ್ಲೀನರ್ ಹುಡುಗ ಶಿರಸಿ ಬರುವವರೆಗೆ ಮಾತಾಡಲಿಲ್ಲ. ಮರುದಿನ ಅವನಿಗೆ ಜ್ವರ. ಅವನು ಮತ್ತೆ ಲಾರಿ ಹತ್ತಲಿಲ್ಲ.

ಘಟ್ಟದಲ್ಲಿ ಬಿಳಿ ಸೀರೆ ಹೆಂಗಸು ನಿಲ್ಲುತ್ತಾಳೆ ಅನ್ನುವ ಕತೆ ಅರಬೈಲಿನಲ್ಲೂ ಇದೆ, ಅಣಶಿಯಲ್ಲೂ ಇದೆ. ನಾನು ಕೇಳಿದ ಕತೆ ಹೇಳುತ್ತಿಲ್ಲ. ಕಂಡದ್ದು ಹೇಳಿದ್ದೇನೆ.


ಗಣೇಶಗುಡಿ ದುರ್ಬೀನು

ಲಾರಿ ಅಣ್ಣ, ನೀವು ಕಂಡದ್ದು ಸುಳ್ಳಲ್ಲ. ನನಗೆ ಅನಿಸುವುದು, ಅದು ಕಣಜ ಗೂಬೆ. ಮುಖ ಹೃದಯದ ಆಕಾರ, ಬಿಳಿ. ಕಣ್ಣು ಕಪ್ಪು. ಹೊಟ್ಟೆಯ ಕಡೆ ಬಿಳಿ. ರೆಕ್ಕೆ ಬಿಚ್ಚಿದರೆ ಮೂರು ಅಡಿಯ ಹತ್ತಿರ. ಅದರ ರೆಕ್ಕೆಯ ಗರಿಯ ಅಂಚು ಬಾಚಣಿಗೆ ಹಲ್ಲಿನ ಹಾಗಿದೆ, ಗಾಳಿಯನ್ನು ಸಣ್ಣ ಸಣ್ಣದಾಗಿ ಸೀಳುತ್ತದೆ. ಅದಕ್ಕೇ ಹಾರುವಾಗ ಸದ್ದು ಬರುವುದಿಲ್ಲ. ಮಂಜಿನಲ್ಲಿ ಲೈಟು ಬಿದ್ದರೆ ಗಾತ್ರ ತಿಳಿಯುವುದಿಲ್ಲ, ಎರಡು ಪಟ್ಟು ಕಾಣುತ್ತದೆ.

ಕಾನಂಚಿನ ಮನೆಯವರೇ, ನಿಮ್ಮ ದನಿಯ ಬಗ್ಗೆ ನನಗೆ ಬಲವಾದ ಅನುಮಾನ ಒಂದಿದೆ. ರಾತ್ರಿ ಮನೆಗೆ ಹೋಗಿ ಉದ್ದಕ್ಕೆ ಬರೆಯುತ್ತೇನೆ.


ಮೀನು ಲಾರಿ (ಕುಮಟಾ)

ಗೂಬೆ ನಾನು ಬೇಕಾದಷ್ಟು ನೋಡಿದ್ದೇನೆ ತಮ್ಮಾ. ಆದರೂ ನೀನು ಹೇಳಿದ ಮುಖ, ಕಣ್ಣು ಎರಡೂ ಸರಿಯಿದೆ. ಯೋಚನೆ ಮಾಡುತ್ತೇನೆ.


ಗಜನಿ ಗದ್ದೆ (ಅಘನಾಶಿನಿ ಹಿನ್ನೀರು)

ಕೊಳ್ಳಿದೆವ್ವದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ನಮ್ಮ ಗಜನಿ ಕಡೆ ಅದಿಲ್ಲದೆ ಬಾಲ್ಯವೇ ಇಲ್ಲ. ಉಪ್ಪುನೀರು ನುಗ್ಗುವ ಗದ್ದೆ ನಮ್ಮದು, ಕಗ್ಗ ಭತ್ತ ಬೆಳೆಯುವ ಗದ್ದೆ. ಕೊಯ್ಲಾದ ಮೇಲೆ ರಾತ್ರಿ ಅಂಗಳದಲ್ಲಿ ನಿಂತರೆ ದೂರದಲ್ಲಿ ಒಂದು ಬೆಂಕಿ ನಡೆಯುತ್ತಿತ್ತು. ನಡೆಯುತ್ತಾ ಎರಡಾಗುತ್ತಿತ್ತು. ಆಮೇಲೆ ತಟ್ಟನೆ ಆರಿಹೋಗುತ್ತಿತ್ತು. ಮತ್ತೆ ಬೇರೆ ಕಡೆ ಹೊತ್ತಿಕೊಳ್ಳುತ್ತಿತ್ತು. "ಕರೆದರೆ ಓಗೊಡಬೇಡ, ಹಿಂದೆ ಹೋದರೆ ಕೆಸರಿಗೆ ಎಳೆಯುತ್ತದೆ" ಅಂತ ಅಮ್ಮ ಹೇಳುತ್ತಿದ್ದರು.

ಹದಿನೈದನೇ ವಯಸ್ಸಿಗೆ ನಾನೇ ಮಾವನ ಜೊತೆ ಏಡಿ ಹಿಡಿಯಲು ಹೋದೆ. ಇಳಿತದ ಹೊತ್ತು. ಮಾವನ ಕೈಯಲ್ಲಿ ತೆಂಗಿನ ಗರಿಯ ಸೂಡಿ. ಸೂಡಿ ಬೀಸಿದರೆ ಬೆಂಕಿ ಏಳುತ್ತದೆ, ಬೆಳಕಿಗೆ ಏಡಿ ನಿಂತಲ್ಲೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಅದರ ನೆರಳು ಬಿದ್ದು ಎರಡು ಬೆಂಕಿ ಕಂಡಿತು. ಗದ್ದೆಯ ಒಡ್ಡು ದಾಟಿ ಆಚೆ ಇಳಿದ ಕೂಡಲೇ ಮಾವನ ಬೆಳಕೇ ನನಗೆ ಕಾಣಲಿಲ್ಲ. ಆಗ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾವು ಅಂಗಳದಿಂದ ನೋಡಿ ಹೆದರಿದ್ದು ನಮ್ಮ ಮಾವನಿಗೇ ಇರಬೇಕು!

ಎಲ್ಲ ಕೊಳ್ಳಿದೆವ್ವವೂ ಸೂಡಿಯೇ ಅಂತ ನಾನು ಹೇಳುವುದಿಲ್ಲ. ಕೊಳೆತ ಕೆಸರಿನಿಂದ ಬರುವ ಅನಿಲ ಉರಿಯುತ್ತದೆ ಅಂತಲೂ ಓದಿದ್ದೇನೆ. ಆದರೆ ಅಮ್ಮನ ಮಾತು ಪೂರ್ತಿ ನಿಜ. ರಾತ್ರಿ ಬೆಳಕಿನ ಹಿಂದೆ ಗಜನಿಗೆ ಇಳಿದರೆ ಕೆಸರು ಎಳೆಯುತ್ತದೆ. ಸೊಂಟದವರೆಗೆ ಹೂತವರನ್ನು ನಾನೇ ಎತ್ತಿದ್ದೇನೆ.


ಕೋಡಿಬಾಗ (ಕಾರವಾರ)

ನಮ್ಮ ಕಡೆ ಬೆಂಕಿ ನೀರಿನಲ್ಲೇ ಏಳುತ್ತದೆ. ನನ್ನ ತಂದೆ ರಂಪಣಿ ಬಲೆ ಎಳೆಯುತ್ತಿದ್ದರು. ಒಂದು ರಾತ್ರಿ, ಅಮಾವಾಸ್ಯೆ ಹತ್ತಿರ ಇತ್ತು, ಬಲೆಯ ಹಗ್ಗ ದಡಕ್ಕೆ ಬರುವಾಗ ಹಗ್ಗದ ಗುಂಟ ನೀಲಿ ಬೆಳಕು ಹರಿಯಿತು. ಅಲೆ ಒಡೆದಲ್ಲೆಲ್ಲ ನೀಲಿ. ನಾನು ಮರಳಿನ ಮೇಲೆ ಹೆಜ್ಜೆ ಇಟ್ಟರೆ ಹೆಜ್ಜೆ ಸುತ್ತ ಚುಕ್ಕಿ ಚುಕ್ಕಿ. ಒಬ್ಬ ಅಜ್ಜ ಎಲ್ಲರನ್ನೂ ತಡೆದರು. ಸಮುದ್ರದಲ್ಲಿ ಸತ್ತವರು ದಡ ಹುಡುಕುತ್ತಿದ್ದಾರೆ, ಇವತ್ತು ನೀರಿಗೆ ಇಳಿಯುವುದು ಬೇಡ ಅಂದರು. ಬಲೆಯನ್ನು ಹಾಗೇ ಬಿಟ್ಟು ಎಲ್ಲರೂ ಮೇಲೆ ಬಂದರು.

ಈಗ ಗೊತ್ತಿದೆ, ಅದು ನಾಕ್ಟಿಲೂಕ ಅನ್ನುವ ಒಂದೇ ಕೋಶದ ಜೀವಿ. ಗುಂಡುಸೂಜಿಯ ತಲೆಗಿಂತ ಸಣ್ಣದು. ನೀರು ಅಲುಗಿದರೆ ಬೆಳಗುತ್ತದೆ. ಜಾಸ್ತಿ ಆದಾಗ ಹಗಲಿನಲ್ಲಿ ನೀರು ಹಸಿರಾಗಿ ಕಾಣುತ್ತದೆ, ಆಗ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಬೇರೆ ಕಡೆ ಹೋಗುತ್ತದೆ. ಇದನ್ನು ತಂದೆಗೆ ಹೇಳಿದೆ. ಅವರು ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು, "ಆ ಅಜ್ಜನ ಇಬ್ಬರು ಮಕ್ಕಳು ಸಮುದ್ರದಿಂದ ವಾಪಸ್ ಬಂದಿರಲಿಲ್ಲ." ನನಗೆ ಅದು ಗೊತ್ತಿರಲಿಲ್ಲ. ಅವತ್ತಿನಿಂದ ನಾನು ಆ ನೀಲಿ ಬೆಳಕು ಕಂಡಾಗ ವಿಡಿಯೋ ಮಾಡುವುದನ್ನು ಬಿಟ್ಟಿದ್ದೇನೆ.


ಅಂಕೋಲಾ ಹುಡುಗ

ಕೋಡಿಬಾಗ ಅಂದ ಕೂಡಲೇ ನೆನಪಾಯಿತು. ಅಲ್ಲಿ ಸಿಗರೇಟು ಕೊಡಬೇಕಾದ ಒಂದು ಭೂತ ಇದೆ ಅಂತಾರಲ್ಲ, ಅದರ ಕತೆ ಹೇಳಿ.


ಕೋಡಿಬಾಗ (ಕಾರವಾರ)

ತಮ್ಮಾ, ಅದು ಭೂತ ಅಲ್ಲ. ಖಾಪ್ರಿ ದೇವರು. ಕಾಳಿ ಸೇತುವೆಯ ಹತ್ತಿರ ಗುಡಿ ಇದೆ. ಆಫ್ರಿಕಾದಿಂದ ಬಂದವನು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಸಿಗರೇಟು, ಸಾರಾಯಿ, ಮೇಣದಬತ್ತಿ ಹರಕೆ ಕೊಡುತ್ತೇವೆ, ಅದು ನಿಜ. ಸೇತುವೆ ದಾಟುವ ಡ್ರೈವರುಗಳು, ಮೀನುಗಾರರು, ಎಲ್ಲ ಜಾತಿ, ಎಲ್ಲ ಧರ್ಮದವರೂ ಬರುತ್ತಾರೆ. ಹೊರಗಿನವರು ಬಂದು ಫೋಟೋ ತೆಗೆದು "ದೆವ್ವದ ಗುಡಿ" ಅಂತ ಹಾಕುತ್ತಾರೆ. ನಮಗೆ ನೋವಾಗುತ್ತದೆ.

ದೂರದ ದೇಶದಿಂದ ಬಂದು ನಮ್ಮ ದಡದಲ್ಲಿ ಉಳಿದವನಿಗೆ ಅವನಿಗೆ ಇಷ್ಟವಾದದ್ದನ್ನೇ ಕೊಡುತ್ತಿದ್ದೇವೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.


ಅಂಕೋಲಾ ಹುಡುಗ

ತಪ್ಪಾಯಿತು ಅಣ್ಣ. ಗೊತ್ತಿರಲಿಲ್ಲ.


ನಿವೃತ್ತ ಮೇಷ್ಟ್ರು (ಹೊನ್ನಾವರ)

ಕೋಡಿಬಾಗದವರು ಹೇಳಿದ್ದು ಸರಿ. ನಮ್ಮ ಜಿಲ್ಲೆಯಲ್ಲಿ ದೆವ್ವಕ್ಕೂ ದೇವರಿಗೂ ನಡುವೆ ಗೋಡೆ ಇಲ್ಲ. ಹೊಡೆದಾಟದಲ್ಲಿ ಸತ್ತವನು ಜಟಕನಾಗಿ ಗದ್ದೆ ಕಾಯುತ್ತಾನೆ. ಗಂಡನ ಚಿತೆ ಏರಿದವಳು ಮಾಸ್ತಿಯಾಗಿ ಕಲ್ಲಾಗಿದ್ದಾಳೆ. ಹೆದರಿಕೆ ಇದ್ದಲ್ಲಿ ಒಂದು ಕಲ್ಲು ನಿಲ್ಲಿಸಿ ದೀಪ ಇಟ್ಟರು.

ಈಗ ನನ್ನ ವಿಷಯ. ನೀವೆಲ್ಲ ದೆವ್ವ ಹುಡುಕುತ್ತಿದ್ದೀರಿ. ಹೊನ್ನಾವರದ ಹೆಸರಿನ ಜೊತೆ ತಳುಕು ಹಾಕಿಕೊಂಡ ಒಂದು ಪ್ರಾಣಿ ಇದೆ, ಅದು ದೆವ್ವಕ್ಕಿಂತ ಅಪರೂಪ. ಮಲಬಾರ್ ಪುನುಗು. 1862ರಲ್ಲಿ ಎಡ್ವರ್ಡ್ ಬ್ಲೈತ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಅದೇ ಕಾಲದ ಟಿ. ಸಿ. ಜೆರ್ಡನ್, ಹೊನ್ನಾವರದ ನೇರದಿಂದ ಕನ್ಯಾಕುಮಾರಿಯವರೆಗೆ ಕರಾವಳಿಯಲ್ಲಿ ಇದು ಇದೆ ಎಂದು ಬರೆದರು. ಅಂದರೆ ಅದರ ಸೀಮೆಯ ಬಡಗಣ ಗಡಿ ನಮ್ಮ ಊರು! ಆಮೇಲೆ ಅದು ಕಾಣುವುದೇ ಅಪರೂಪವಾಯಿತು. 1987ರಲ್ಲಿ ಕೇರಳದ ನಿಲಂಬೂರಿನ ಕಡೆ ಚರ್ಮ ಸಿಕ್ಕಿತು. ಮುಂದೆ ಹಲವರು ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಹುಡುಕಿದರು. ಫೋಟೋ ಸಿಕ್ಕಿಲ್ಲ. ಅಳಿವಿನ ಅತಿ ಅಪಾಯದ ಅಂಚಿನಲ್ಲಿರುವ ಪಟ್ಟಿಯಲ್ಲಿ ಅದರ ಹೆಸರಿದೆ. 2010ರಲ್ಲಿ ಇಬ್ಬರು ಸಂಶೋಧಕರು ಇನ್ನೂ ದೊಡ್ಡ ಪ್ರಶ್ನೆ ಎತ್ತಿದರು. ಈ ಪ್ರಾಣಿ ಇಲ್ಲಿಯದ್ದೇ ಹೌದಾ, ಇಲ್ಲ ಪುನುಗಿನ ವ್ಯಾಪಾರಕ್ಕಾಗಿ ಹಿಂದೆ ಯಾರೋ ಪರದೇಶದಿಂದ ಹಡಗಿನಲ್ಲಿ ತಂದದ್ದಾ? ನೋಡಿ, ಇದ್ದ ಪ್ರಾಣಿಯ ಇರವನ್ನೇ ಅನುಮಾನಿಸುವ ಸ್ಥಿತಿ ಬಂದಿದೆ.

ನಾನು ಹುಡುಗನಾಗಿದ್ದಾಗ ನಮ್ಮ ದೊಡ್ಡಪ್ಪ ಶರಾವತಿ ದಂಡೆಯ ಗೇರು ಹಕ್ಕಲಿನಿಂದ ಬೆಳಗಿನ ಜಾವ ಬಂದು ಒಂದು ಮಾತು ಹೇಳಿದ್ದರು. ನಾಯಿಯಷ್ಟು ಎತ್ತರದ ಬೆಕ್ಕು, ಬೆನ್ನಿನ ಗುಂಟ ಕಪ್ಪು ಕೂದಲು ನಿಮಿರಿಸಿಕೊಂಡು ನಿಂತಿತ್ತು, ಕುತ್ತಿಗೆಗೆ ಕಪ್ಪು ಬಿಳಿ ಪಟ್ಟಿ. ಮನೆಯವರು ಅದನ್ನು ಭೂತದ ಬೆಕ್ಕು ಅಂದರು. ತೆಂಗಿನಕಾಯಿ ಒಡೆದರು. ನಾನೂ ಹಾಗೇ ಅಂದುಕೊಂಡಿದ್ದೆ. ಮಲಬಾರ್ ಪುನುಗಿನ ವಿವರ ಓದಿದ ದಿನ ಕೈ ನಡುಗಿತು. ಬೆನ್ನಿನ ಮೇಲೆ ನಿಮಿರುವ ಕಪ್ಪು ಕೂದಲು, ದೊಡ್ಡ ದೊಡ್ಡ ಮಚ್ಚೆ, ಕುತ್ತಿಗೆಗೆ ಪಟ್ಟಿ. ದೊಡ್ಡಪ್ಪ ಅಕ್ಷರ ಕಲಿತವರಲ್ಲ. ಹೇಳಿದ್ದು ಹಾಗೇ ಇತ್ತು.

ಅದೇ ಇದು ಅಂತ ನಾನು ಸಾಧಿಸುವುದಿಲ್ಲ. ಆದರೆ ಒಂದು ವಿನಂತಿ. ನಿಮ್ಮ ತೋಟಕ್ಕೆ ಬರುವ ಸಾಮಾನ್ಯ ಪುನುಗು ಬೆಕ್ಕಿಗೆ ಬೆನ್ನಿನ ಮೇಲೆ ಹೀಗೆ ನಿಮಿರುವ ಕೂದಲು ಇರುವುದಿಲ್ಲ, ಅದರ ಮಚ್ಚೆ ಸಣ್ಣದು, ಸಾಲಾಗಿರುತ್ತದೆ. ಈಗ ಬಹಳ ಮನೆಗಳಲ್ಲಿ ಸಿಸಿ ಕ್ಯಾಮೆರಾ ಇದೆ. ರಾತ್ರಿಯ ವಿಡಿಯೋದಲ್ಲಿ ಇಂಥದ್ದು ಕಂಡರೆ ಅಳಿಸಬೇಡಿ. ಕೊಲ್ಲಬೇಡಿ, ಬೋನು ಇಡಬೇಡಿ. ಅರಣ್ಯ ಇಲಾಖೆಗೆ ತೋರಿಸಿ.


ಗಣೇಶಗುಡಿ ದುರ್ಬೀನು

ಮೇಷ್ಟ್ರೇ, ಎರಡು ಸಲ ಓದಿದೆ. ದೊಡ್ಡಪ್ಪ ಹೇಳಿದ ಮಾತು, ಜಾಗ, ವರ್ಷ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಇಂಥ ಮಾತು ಬಾಯಲ್ಲೇ ಉಳಿದು ಹೋಗಬಾರದು.


ಜೋಯಿಡಾ ಕುಣಬಿ

ನಮ್ಮಲ್ಲಿ ಹುಲಿದೇವರ ಕಲ್ಲು ಇದೆ. ಹುಲಿ ದನ ಹಿಡಿದರೂ ಅದಕ್ಕೆ ಬೈಯಬಾರದು, ಹೆಸರು ಹಿಡಿದು ಕರೆಯಬಾರದು ಅಂತ ಅಜ್ಜ ಹೇಳುತ್ತಿದ್ದರು. ಕರಿಯದೊಂದು ಇದೆ, ಅದಕ್ಕೆ ನೆರಳಿಲ್ಲ ಅಂತ ಒಂದು ಕತೆಯೂ ಇತ್ತು.

ಆ ಕರಿಯದನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲನೇ ಸಲ ಬರೀ ಬಾಲ. ಎರಡನೇ ಸಲ ಸಂಜೆ, ಮಳೆ ನಿಂತು ಬಿಸಿಲು ಓರೆಯಾಗಿ ಬಿದ್ದಿತ್ತು. ಬೈಕು ಆಫ್ ಮಾಡಿ ನಿಂತೆ. ಇಪ್ಪತ್ತು ಹೆಜ್ಜೆ ದೂರ. ರಸ್ತೆ ದಾಟುತ್ತಾ ಒಂದು ಕ್ಷಣ ನನ್ನ ಕಡೆ ತಿರುಗಿತು. ಆಗ ಬಿಸಿಲಿಗೆ ಅದರ ಮೈಮೇಲೆ ಮಚ್ಚೆ ಕಂಡಿತು. ಕಪ್ಪು ರೇಷ್ಮೆ ಸೀರೆಯಲ್ಲಿ ಕಪ್ಪು ಬುಟ್ಟಾ ಇರುತ್ತದಲ್ಲ, ಹಾಗೆ. ಅದು ಬೇರೆ ಜಾತಿಯ ಪ್ರಾಣಿ ಅಲ್ಲ. ಚಿರತೆಯೇ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಆ ಕಪ್ಪಿನ ಗುಣ ಬಂದರೆ ಮರಿ ಕರಿಯದಾಗುತ್ತದೆ. ಮಚ್ಚೆ ಇರುತ್ತದೆ, ಮುಚ್ಚಿಹೋಗಿರುತ್ತದೆ. ನಮ್ಮ ಕಾಡು ದಟ್ಟ, ಒಳಗೆ ಹಗಲಿಗೇ ಕತ್ತಲೆ. ಅಲ್ಲಿ ನಿಂತರೆ ಅದು ಕಾಣುವುದೇ ಇಲ್ಲ.

ದಾಂಡೇಲಿ-ಅಣಶಿ ಅಂತ ಇದ್ದದ್ದು 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಆಮೇಲೆ ಹೊರಗಿನಿಂದ ಬರುವವರು ಜಾಸ್ತಿ. ಎಲ್ಲಿ ನೋಡಿದೆ ಅಂತ ಕೇಳಿ ಎಷ್ಟೋ ಜನ ಫೋನು ಮಾಡುತ್ತಾರೆ. ನಾನು ಹೇಳುವುದಿಲ್ಲ, ಇಲ್ಲೂ ಹೇಳುವುದಿಲ್ಲ.


ರಾಮನಗರ

ನಾವೂ ಜೋಯಿಡಾದವರೇ. ಆಗ ಅದು ಸೂಪಾ ತಾಲೂಕು. ಅಣೆಕಟ್ಟು ಆದಾಗ ಸೂಪಾ ಊರು ನೀರಿನಲ್ಲಿ ಮುಳುಗಿ, ನಮ್ಮವರು ರಾಮನಗರಕ್ಕೆ ಬಂದರು. ನಮ್ಮ ಅಜ್ಜನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಊರಿನಲ್ಲಿ ಎತ್ತಿನ ಗಾಡಿ ಹೊರಟಿದೆ, ಗಂಟೆ ಕೇಳುತ್ತಿದೆ ಅನ್ನುತ್ತಿದ್ದರು. ಊರು ನೀರೊಳಗಿದೆ ಅಂತ ಅಜ್ಜಿ ಹೇಳಿದರೆ, "ಹೌದು, ಅಲ್ಲಿಂದಲೇ" ಅನ್ನುತ್ತಿದ್ದರು.

ಇದು ಈ ಚರ್ಚೆಗೆ ಸೇರುತ್ತದೋ ಇಲ್ಲವೋ. ಬರೆಯಬೇಕು ಅನಿಸಿತು.


ಕಾನಂಚಿನ ಮನೆ (ಶಿರಸಿ ಕಡೆ)

ಸೇರುತ್ತದೆ. ಖಂಡಿತ ಸೇರುತ್ತದೆ. ಬರೆದದ್ದು ಒಳ್ಳೆಯದಾಯಿತು.


ಅಂಕೋಲಾ ಹುಡುಗ

ನನ್ನದೂ ಒಂದು. ದೇವಿಮನೆ ಕಡೆ ನೆಂಟರ ಮನೆಗೆ ಹೋದಾಗ ಮರದ ಮೇಲೆ ಕಪ್ಪು ಮನುಷ್ಯ, ಮುಖದ ಸುತ್ತ ಬಿಳಿ ಗಡ್ಡ. ಕೂ ಅಂತ ಕೂಗಿತು. ಮನೆಯವರು ಕಾಡಿನ ಸನ್ಯಾಸಿಯ ಆತ್ಮ ಅಂತ ಒಂದು ಕತೆ ಹೇಳಿದರು.


ಜೋಯಿಡಾ ಕುಣಬಿ

ಸಿಂಗಳೀಕ. ಶಿರಸಿ, ಹೊನ್ನಾವರ ಕಾಡಿನಿಂದ ಉತ್ತರಕ್ಕೆ ಅದು ಹೆಚ್ಚು ಕಾಣುವುದಿಲ್ಲ. ಅದಕ್ಕಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶ ಮಾಡಿದರು. ನೀನು ಪುಣ್ಯವಂತ ತಮ್ಮಾ.


ಬಾಳೆಗದ್ದೆ ಅಕ್ಕ (ಸಿದ್ದಾಪುರ)

ನಾನು ಕಾಡುಪಾಪದ ವಿಷಯ ಬರೆಯಲೇಬೇಕು. ಬಹಳ ವರ್ಷದಿಂದ ಮನಸ್ಸಿನಲ್ಲಿದೆ.

ನನ್ನ ಬಾಣಂತನದ ಸಮಯ. ಮಗು ಹುಟ್ಟಿ ಹನ್ನೆರಡು ದಿನ. ರಾತ್ರಿ ಹಿತ್ತಲಿನಿಂದ ಸಣ್ಣಗೆ ಕಿರುಚುವ ದನಿ. ಬ್ಯಾಟರಿ ಬಿಟ್ಟರೆ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ನಡುವೆ ಎರಡು ಕೆಂಡ. ಅಲ್ಲಾಡಲಿಲ್ಲ. ಅಕ್ಕಪಕ್ಕದವರು ಸೇರಿದರು. ಬಾಣಂತಿ ಮನೆಗೆ ಇದು ಬಂದರೆ ಮಗುವಿಗೆ ಕೇಡು, ಹೊಡೆದು ಹಾಕಬೇಕು ಅಂದರು. ಒಬ್ಬರು ದೊಣ್ಣೆ ತಂದೇಬಿಟ್ಟರು. ಇನ್ನೊಬ್ಬರು, ಹೊಡೆಯಬೇಡಿ, ಇದರ ಕಣ್ಣಿಗೆ ದುಡ್ಡು ಕೊಡುವವರು ಇದ್ದಾರೆ ಅಂದರು. ಮಾಟ ಮಾಡುವವರು ಇದನ್ನು ಹಿಂಸೆ ಮಾಡುತ್ತಾರೆ ಅಂತ ಆಮೇಲೆ ತಿಳಿಯಿತು. ಆ ಎರಡನೇ ಮಾತು ಕೇಳಿ ನನಗೆ ಜಾಸ್ತಿ ಹೆದರಿಕೆ ಆಯಿತು.

ನನ್ನ ಅತ್ತೆ ಯಾರ ಹತ್ತಿರವೂ ವಾದ ಮಾಡಲಿಲ್ಲ. ಒಳಗಿನಿಂದ ಒಂದು ಬುಟ್ಟಿ, ಹಳೇ ಸೀರೆ ತಂದರು. ಏಣಿ ಹತ್ತಿ ಬಳ್ಳಿಯ ಸಮೇತ ಅದನ್ನು ಮೆಲ್ಲಗೆ ಬಿಡಿಸಿದರು. ಬುಟ್ಟಿ ಕೆಳಗೆ ಬಂದಾಗ ನಾನು ನೋಡಿದೆ. ಅಂಗೈ ಮೇಲೆ ಕೂರುವಷ್ಟು ಮೈ. ಕಡ್ಡಿಯಂಥ ಕೈಕಾಲು. ಮುಖದ ತುಂಬ ಕಣ್ಣೇ. ಮೆಣಸಿನ ಬಳ್ಳಿಯ ಒಂದು ತುಂಡನ್ನು ಅದು ಇನ್ನೂ ಹಿಡಿದುಕೊಂಡಿತ್ತು. ಐದು ಬೆರಳು, ಉಗುರು, ಎಲ್ಲ ನನ್ನ ಮಗುವಿನ ಕೈಯ ಹಾಗೇ. ನನ್ನ ಮಗುವೂ ಅದೇ ರೀತಿ ನನ್ನ ಬೆರಳು ಹಿಡಿಯುತ್ತಿತ್ತು.

ಅತ್ತೆ ಅದನ್ನು ಬೆಟ್ಟದ ಅಂಚಿನಲ್ಲಿ ಬಿಟ್ಟು ಬಂದು ಸ್ನಾನ ಮಾಡಿ ಮಲಗಿದರು. ಆ ಮಗು ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ. ಕಾಡುಪಾಪ ಹುಳ ಹುಪ್ಪಟೆ ತಿಂದು ಬದುಕುವ ಪಾಪದ ಪ್ರಾಣಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ದೀಪಾವಳಿ ಹೊತ್ತಿಗೆ ಗೂಬೆಗಳಿಗೂ ಇದೇ ಗತಿ. ದೆವ್ವದ ಕತೆ ಎಷ್ಟು ಬೇಕಾದರೂ ಹೇಳಿಕೊಳ್ಳೋಣ. ಆದರೆ ಕತೆಗಾಗಿ ಒಂದು ಜೀವ ಹೋಗುವುದನ್ನು ನನ್ನ ಕೈಲಿ ನೋಡಲು ಆಗುವುದಿಲ್ಲ.


ನಿವೃತ್ತ ಮೇಷ್ಟ್ರು (ಹೊನ್ನಾವರ)

ತಂಗೀ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.


ತೋಟದ ಕೆಲಸ (ಯಲ್ಲಾಪುರ)

ಚಿಕ್ಕದೊಂದು. ತೋಟದ ಕಾಲುವೆ ಹತ್ತಿರ ನಾಯಿ ಗುರುಗುಟ್ಟಿದ ಹಾಗೆ ಕೇಳಿತು. ನಾಯಿ ನೋಡಿದರೆ ನನ್ನ ಹಿಂದೆಯೇ ಇದೆ, ಬಾಲ ಮುದುಡಿಕೊಂಡು. ಮುಂದೆ ಸೊಂಟದೆತ್ತರ ಎದ್ದು ನಿಂತಿತ್ತು ಕಾಳಿಂಗ. ಗುರುಗುಟ್ಟಿದ್ದು ಅದೇ. ಬೇರೆ ಹಾವಿನ ಹಾಗೆ ಬುಸ್ ಅಲ್ಲ, ಆಳದಿಂದ ಬರುವ ದನಿ. ಕೂಗುವ ಹಾವು ಇದೆ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಇದನ್ನೇ ಇರಬೇಕು. 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಜಾತಿ ಅಂತ ಗುರುತಿಸಿ, ಹೆಸರಿನಲ್ಲಿ ನಮ್ಮ "ಕಾಳಿಂಗ" ಶಬ್ದವನ್ನೇ ಇಟ್ಟರು. ಓದಿ ಖುಷಿಯಾಯಿತು.


ಗಣೇಶಗುಡಿ ದುರ್ಬೀನು

ಕಾನಂಚಿನ ಮನೆಯವರೇ, ತಡವಾಯಿತು, ಕ್ಷಮಿಸಿ. ಕೆಳಕ್ಕೆ ಜಾರುವ ಕಿರುಚು, ಆಮೇಲೆ ಗೊಗ್ಗರು ನಗು. ನಾನು ಅಂದುಕೊಂಡದ್ದು ಕಪ್ಪೆಬಾಯಿ ಹಕ್ಕಿ. ಕಿರುಚುವುದು ಹೆಣ್ಣು, ಬೇಗ ಬೇಗ ಗೊಗ್ಗರು ದನಿ ಗಂಡಿನದು. ಎರಡೂ ಒಂದರ ಹಿಂದೆ ಒಂದು ಕೂಗುತ್ತವೆ. ನಮ್ಮ ಗಣೇಶಗುಡಿಗೆ ಇದನ್ನು ನೋಡಲೆಂದೇ ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ.

ಹಗಲು ಅದು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಕೊಂಬೆಯ ಮೇಲೆ ಗಂಡು ಹೆಣ್ಣು ಅಂಟಿಕೊಂಡು ಕೂತಿರುತ್ತವೆ, ಒಣಗಿದ ಎಲೆಯ ಹಾಗೆ. ಹತ್ತಿರ ಹೋದರೆ ಮೂತಿ ಮೇಲೆತ್ತಿ ಕಣ್ಣು ಸಣ್ಣ ಮಾಡಿಕೊಳ್ಳುತ್ತದೆ, ಮುರಿದ ಕೊಂಬೆಯ ತುದಿ ಆಗಿಬಿಡುತ್ತದೆ. ಇಡುವುದು ಒಂದೇ ಮೊಟ್ಟೆ. ಗೂಡು ಅಂದರೆ ತನ್ನದೇ ತುಪ್ಪಳ, ಮರದ ಪಾಚಿ ಸೇರಿಸಿ ಮಾಡಿದ ಒಂದು ಸಣ್ಣ ಮೆತ್ತೆ. ಹಗಲಿಡೀ ಕಾವು ಕೊಡುವುದು ಗಂಡು. ಅದಕ್ಕೆ ದಟ್ಟ ಕಾಡು ಬೇಕು, ಕೆಳಗೆ ಬಿದಿರು, ಬಳ್ಳಿ ಬೇಕು. ಬೋಳು ಬೆಟ್ಟದಲ್ಲಿ ಇರುವುದಿಲ್ಲ.

ನಿಮಗೆ ದನಿಯ ಒಂದು ರೆಕಾರ್ಡಿಂಗ್ ಕಳಿಸಿದ್ದೇನೆ. ಮನೆಯೊಳಗೆ ಮಾತ್ರ ಕೇಳಿ. ಕಾಡಿನಲ್ಲಿ ಹಾಕಬೇಡಿ. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅದು ಗಾಬರಿಯಾಗಿ ಗೂಡು ಬಿಡಬಹುದು.


ಮೀನು ಲಾರಿ (ಕುಮಟಾ)

ಕಣಜ ಗೂಬೆಯ ವಿಡಿಯೋ ಮಗಳು ಹುಡುಕಿ ತೋರಿಸಿದಳು. ಮುಖ ಅದೇ. ನಾನು ಆ ಕ್ಲೀನರ್ ಹುಡುಗನ ಊರು ಹುಡುಕಿ ಹೋಗಿ ಬಂದೆ. ಈಗ ಅವನಿಗೂ ಮಕ್ಕಳಿದ್ದಾರೆ. ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದ. "ಇದೇ ಇರಬಹುದು ಅಣ್ಣ. ಆದರೆ ಅವತ್ತು ಅದು ನನ್ನ ಹೆಸರು ಕರೆಯಿತು" ಅಂದ. ನಾನು ಏನೂ ಹೇಳಲಿಲ್ಲ. ಊಟ ಮಾಡಿ ಬಂದೆ.


ಕಾನಂಚಿನ ಮನೆ (ಶಿರಸಿ ಕಡೆ)

ರೆಕಾರ್ಡಿಂಗ್ ಕೇಳಿದೆ. ಮೊದಲ ಕಿರುಚಿಗೇ ಕೈ ಮೇಲಿನ ಕೂದಲು ನಿಮಿರಿತು. ಇದೇ, ಒಂಚೂರೂ ಅನುಮಾನ ಇಲ್ಲ. ಜಗಲಿ, ಲಾಟೀನು, ಚೊಗರಿನ ವಾಸನೆ ಎಲ್ಲ ಒಟ್ಟಿಗೆ ಬಂದು ನಿಂತವು.

ಅಜ್ಜಿಗೆ ಈಗ ಎಂಬತ್ತೆಂಟು. ಕಿವಿ ಇನ್ನೂ ಚುರುಕಾಗಿದೆ. ಅಡುಗೆಮನೆಯಲ್ಲಿ ಪಕ್ಕ ಕೂತು ಕೇಳಿಸಿದೆ. ಹೆದರುತ್ತಾರೆ ಅಂದುಕೊಂಡೆ. ಹೆದರಲಿಲ್ಲ. "ಇನ್ನೊಂದು ಸಲ ಹಾಕು" ಅಂದರು. ಮೂರು ಸಲ ಕೇಳಿದರು. ಹಕ್ಕಿಯ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟು ಚಿಕ್ಕದಾ" ಅಂದರು. ಆಮೇಲೆ ಕೇಳಿದರು, "ಇದು ಕೂಗದೆ ಎಷ್ಟು ವರ್ಷ ಆಯಿತು, ನಿನಗೆ ನೆನಪಿದೆಯಾ?"

ನನಗೆ ನೆನಪಿಲ್ಲ. ಆ ಆಚೆಯ ಬೆಟ್ಟ ಬೋಳಾದ ಮೇಲೆ ತಾವು ಕೇಳಿಲ್ಲ ಅಂತ ಅಜ್ಜಿ ಹೇಳಿದರು. ಸಂಜೆ ಚೌಡಿ ಕಲ್ಲಿನವರೆಗೆ ಹೋಗಿ ಬಂದೆ. ಕಲ್ಲಿನ ಹಿಂದಿನ ಕಾನು ಹಾಗೇ ಇದೆ. ಅದನ್ನು ಯಾರೂ ಕಡಿದಿಲ್ಲ, ಚೌಡಿಯ ಹೆದರಿಕೆಗೆ. ಈ ಸಲ ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಜಗಲಿಯಲ್ಲೇ ಮಲಗುತ್ತೇನೆ.


ಬಾಳೆಗದ್ದೆ ಅಕ್ಕ (ಸಿದ್ದಾಪುರ)

ಕೇಳಿದರೆ ಮೊದಲು ನಮಗೆ ತಿಳಿಸಬೇಕು.


ಕಾನಂಚಿನ ಮನೆ (ಶಿರಸಿ ಕಡೆ)

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ, ಬೆಳಗಿನ ಜಾವ ನಾಲ್ಕೂ ಹತ್ತು. ಚಳಿ ಇತ್ತು, ಮಂಜು ಇರಲಿಲ್ಲ. ಚೌಡಿ ಕಲ್ಲಿನ ಕಡೆಯಿಂದ ಕಿರುಚು ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಗೊಗ್ಗರು ದನಿ ಬರಲಿಲ್ಲ. ಒಂದೇ ಹಕ್ಕಿಯೋ ಏನೋ.

ಅಜ್ಜಿಯನ್ನು ಎಬ್ಬಿಸಲು ಒಳಗೆ ಹೋದೆ. ಅವರು ಆಗಲೇ ಎದ್ದು ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.